ತಾಂಡಾದ ಮಾತಿನಲ್ಲಿ ಮೊದಲ ಪಾಠ

ಸೊರಬಕ್ಕೆ ಬಂದ ಹೊಸತರಲ್ಲಿ ನಮ್ಮ ಬಾಯಿಗೆ ನಾವೇ ಹೆದರಿದೆವು. ಬಾಡಿಗೆ ಕೋಣೆಯ ಗೋಡೆಯಾಚೆಯೇ ಮನೆಯೊಡತಿ. ಲಂಬಾಣಿಗಳೆಂದು ತಿಳಿದರೆ ಕೋಣೆ ಬಿಡಿಸಿಯಾರೆಂದು ನಾನೂ ಮೊಮ್ಮಗಳು ಸವಿತಾಳೂ ಪಿಸುಮಾತಿನಲ್ಲೇ ದಿನ ದೂಡಿದೆವು. ಶಿಕಾರಿಪುರದ ಕಡೆಯ ನಮ್ಮ ತಾಂಡಾದಲ್ಲಾದರೆ ಒಂದು ಮನೆಯ ಮಾತು ಹತ್ತು ಮನೆಗೆ ಕೇಳುತ್ತದೆ.

ಬಂದದ್ದು ಅವಳ ತರಬೇತಿಗೆ. ತಾಂಡಾದ ಹುಡುಗಿಯರನ್ನೇ ಟೀಚರ್ ಮಾಡಿ, ಮನೆಮಾತಿನಲ್ಲೇ ಪಾಠ ಹೇಳಲು ತಾಂಡಾದ ಶಾಲೆಗಳಿಗೆ ಕಳಿಸುತ್ತಾರೆ. ಮೇಷ್ಟ್ರ ಕನ್ನಡ ಅರ್ಥವಾಗದೆ ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ನನ್ನ ಮೊಮ್ಮಗಳು ಟೀಚರ್! ನೆನೆದರೆ ಎದೆ ಹಿಗ್ಗುತ್ತದೆ, ಹಿಗ್ಗಿದಷ್ಟೂ ನಡುಗುತ್ತದೆ.

ನಮ್ಮ ತಾಂಡಾದಲ್ಲಿ ಬಾಟಿ, ಅಂದರೆ ಜೋಳದ ರೊಟ್ಟಿ. ಇಲ್ಲಿ ಮೂರು ಹೊತ್ತೂ ಅಕ್ಕಿಯದೇ ಊಟ. ಅದಕ್ಕೆ ಹೊಟ್ಟೆ ಒಗ್ಗಿತು, ಹೆದರಿಕೆ ಹೋಗಲಿಲ್ಲ. ಒಂದು ದಿನ ಮನೆಯೊಡತಿ ಬಾಗಿಲಿಗೇ ಬಂದರು.

"ಅಜ್ಜ, ದಿನಾ ಅದೇನು ಗುಸುಗುಸು? ನನ್ನ ಬಯ್ತೀರಾ ಹೆಂಗೆ?"

"ಇಲ್ರೀ ಅಮ್ಮ, ಅದು ನಮ್ಮ ಲಂಬಾಣಿ ಮಾತು. ಹುಡುಗಿ ಪಾಠ ಕಲೀತಾಳ."

"ಪಾಠ ಆದ್ರೆ ಗಟ್ಟಿ ಹೇಳ್ಲಿ ಮಾರಾಯ್ರೆ."

ಅಂದು ಸಂಜೆ ಗಂಟಲು ಬಿಚ್ಚಿ ಮಾತಾಡಿದೆವು.

ಪರೀಕ್ಷೆಯ ಪಾಠ ಆನವಟ್ಟಿ ಕಡೆಯ ಒಂದು ತಾಂಡಾದ ಶಾಲೆಯಲ್ಲಿ. ತಪ್ಪಿದರೆ ತರಬೇತಿ ಅಲ್ಲಿಗೇ ಮುಗಿಯಿತು. ತರಬೇತಿಯ ಮೇಡಂ ಹಿಂದೆ ಕುಳಿತಿದ್ದರು, ನಾನು ಕಿಟಕಿಯಾಚೆ. ಸವಿತಾ ನಮ್ಮ ಮಾತಿನಲ್ಲಿ "ಆವೋ, ಬೇಸೋ" ಅಂದಳು, ಬನ್ನಿ ಕೂತ್ಕೊಳ್ಳಿ ಅಂತ. ಮಕ್ಕಳು ಮುಖ ಮುಖ ನೋಡಿಕೊಂಡು, ಚೀಲ ಹೆಗಲಿಗೇರಿಸಿ ಬಾಗಿಲಿಗೆ ನಡೆದವು. ಮನೆಯ ಮಾತು ಕೇಳಿಸಿತು, ಇನ್ನು ಶಾಲೆ ಬಿಟ್ಟಿತು ಅಂದುಕೊಂಡಿದ್ದವು.

ಸವಿತಾ ಯಾರನ್ನೂ ತಡೆಯಲಿಲ್ಲ. ಹೋಗಿ ಹೊಸ್ತಿಲ ಮೇಲೆ ಕುಳಿತು ನಮ್ಮ ಮಾತಿನಲ್ಲೇ ಕೇಳಿದಳು: "ಮನೇಲಿ ಯಾರದಾರ?"

"ಯಾಡಿ," ಅಂದಿತು ಪುಟ್ಟದೊಂದು. ಅಂದರೆ ಅಮ್ಮ.

"ಏನ್ ಮಾಡ್ತಾಳ?"

"ನಮ್ಮಪ್ಪನ್ನ ಬಯ್ತಾಳ."

ಎಲ್ಲವೂ ನಕ್ಕವು. ಆಮೇಲೆ ತಮ್ಮ ತಮ್ಮ ಯಾಡಿಯ ಸುದ್ದಿ ಹೇಳಲು ಒಂದರ ಮೇಲೊಂದು ಬಿದ್ದವು. ಚೀಲ ಯಾವಾಗ ಕೆಳಗಿಳಿಯಿತೋ, ಪಾಠ ಯಾವಾಗ ಶುರುವಾಯಿತೋ ನನಗೇ ತಿಳಿಯಲಿಲ್ಲ.

ಮೇಡಂ ಹೊರಬಂದು, "ಅಜ್ಜ, ಪಾಸಾದಳು. ಈ ಶಾಲೆ ಇನ್ನು ಇವಳದೇ," ಅಂದರು.

ಕುಣಿಯುವುದೊಂದು ಬಾಕಿ. ಅಲ್ಲಿಂದಲೇ ಊರಲ್ಲಿರುವ ತಮ್ಮನಿಗೆ ಫೋನ್ ಮಾಡಿದೆ. ಅವನೂ ಹಿಗ್ಗಿದ. ಆಮೇಲೆ ಕೇಳಿದ: "ನಮ್ಮ ಹುಡುಗರು ಇನ್ನೂ ಸಾಲ್ಯಾಗ ಮೂಕರಂಗ ಕುಂದರ್ತಾವ ಅಣ್ಣ. ಆಕಿ ಇಲ್ಲಿಗೆ ಯಾವಾಗ ಬರ್ತಾಳ?"

ಒಳಗೆ ಮಕ್ಕಳು ಸವಿತಾಳನ್ನು ಮುತ್ತಿದ್ದವು. ಒಂದು ಹೊರಗೆ ಬಂದು ನನ್ನ ಬೆರಳು ಹಿಡಿದು, "ದಾದಾ, ನೀನೂ ಬಾ," ಎಂದು ತನ್ನ ಅಜ್ಜನನ್ನು ಜಗ್ಗುವಂತೆ ಜಗ್ಗುತ್ತಿತ್ತು.

"ಸರಿಯಾಗಿ ಕೇಳಿಸ್ತಿಲ್ಲೋ," ಎಂದು ಫೋನ್ ಇಟ್ಟೆ. ಚೆನ್ನಾಗಿಯೇ ಕೇಳಿಸಿತ್ತು.