ಸಣ್ಣಮ್ಮ ಹಾಡು ಮುಗಿಸಲೊಲ್ಲಳು

ಮುಟ್ಟಳ್ಳಿಯ ಸಣ್ಣಮ್ಮ ಹಾಡಿದರೆ ಪಕ್ಕದಲ್ಲಿ ಕೂತವರಿಗಷ್ಟೇ ಕೇಳುತ್ತಿತ್ತು. ಜಾಗಟೆಯಂಥ ಗಂಟಲಿನ ಹೆಂಗಸರು ಊರಲ್ಲಿ ಬೇಕಾದಷ್ಟಿದ್ದರೂ ಮದುವೆಗೆ ಕರೆ ಬರುತ್ತಿದ್ದದ್ದು ಇವಳಿಗೇ. ತಾಳವಿಲ್ಲ, ವಾದ್ಯವಿಲ್ಲ; ಮಂಡಿಯ ಮೇಲೆ ಕೈಯಿಟ್ಟು ಗುಟ್ಟು ಹೇಳುವ ಹಾಗೆ ಹಾಡುವಳು. ಗಲಾಟೆ ಮಾಡುತ್ತಿದ್ದ ಚಪ್ಪರ ತಾನಾಗಿ ಬಾಯಿ ಮುಚ್ಚುತ್ತಿತ್ತು. ನನಗಂತೂ ಆ ದನಿಯ ಹುಚ್ಚೇ ಹಿಡಿದಿತ್ತು.

ಹಾಡೆಲ್ಲ ಅವಳೇ ಕಟ್ಟಿದ್ದು. ಗಂಡಿನ ಕಡೆಯವರನ್ನು ಹಾಡಿನಲ್ಲಿ ಹಂಗಿಸುವುದು ನಮ್ಮ ಪದ್ಧತಿ. ಒಬ್ಬನ ಹೊಟ್ಟೆ, ಇನ್ನೊಬ್ಬನ ಹರಿದ ಕೊಡೆ, ಏನನ್ನೂ ಅವಳು ಬಿಡುತ್ತಿರಲಿಲ್ಲ. ಹಂಗಿಸಿಕೊಂಡವರು ನಗುನಗುತ್ತ ಉಣ್ಣುತ್ತಿದ್ದರು. ಹಾಡಿನಲ್ಲಿ ಹೆಸರು ಬಾರದವರು ಮುಖ ಊದಿಸಿಕೊಳ್ಳುತ್ತಿದ್ದರು.

ಅರವತ್ತೆರಡನೇ ಇಸವಿಯಲ್ಲಿ ಅವಳ ಒಬ್ಬಳೇ ಮಗಳು ಕಾಳಿಯ ಮದುವೆ. ಗಂಡಿನ ಸೋದರಮಾವ ಶುಕ್ರ ಕುಮಟೆಯಿಂದ ಲೌಡ್‌ಸ್ಪೀಕರ್ ಹೊರಿಸಿಕೊಂಡು ಬಂದು ಬೀಗುತ್ತಿದ್ದ. ಹೆಣ್ಣು ಒಪ್ಪಿಸುವ ಹೊತ್ತಾಯಿತು. ಅದಕ್ಕೊಂದು ಹಾಡುಂಟು, ಬೀಗರನ್ನೆಲ್ಲ ಹಂಗಿಸಿ ಕೊನೆಯ ನುಡಿಯಲ್ಲಿ ಹೆಣ್ಣು ಒಪ್ಪಿಸುವುದು; ಹೆಣ್ಣಿನ ತಾಯಿ ಅದನ್ನು ಮುಗಿಸದೆ ಹೆಣ್ಣು ಚಪ್ಪರ ದಾಟುವಂತಿಲ್ಲ. ಸಣ್ಣಮ್ಮ ಶುರುಮಾಡಿದಳು. ಲೌಡ್‌ಸ್ಪೀಕರ್ ಅರಚುತ್ತಲೇ ಇತ್ತು. ಅವಳ ತುಟಿ ಆಡುವುದಷ್ಟೇ ಕಾಣುತ್ತಿತ್ತು. ಹತ್ತಿರದ ಹೆಂಗಸರು ಶುಕ್ರನತ್ತ ನೋಡಿ ಕಿಸಕ್ಕನೆ ನಗುತ್ತಿದ್ದರು.

"ನನ್ಗೆ ಎಂತ ಹೇಳ್ತಾಳೆ ಇವ್ಳು?" ಎಂದು ಶುಕ್ರ ಚಡಪಡಿಸಿದ. ಕಡೆಗೆ ತಡೆಯಲಾರದೆ, "ಆತು, ಬಂದ್ ಮಾಡಾ ಅದ್ನ" ಎಂದು ತಾನೇ ಹೇಳಿದ.

ಆಮೇಲೆ ಅವನ ಮೀಸೆಗೆ ಮಂಗಳಾರತಿಯಾಯಿತು. ಅವನ ಹೆಂಡತಿ, ಅತ್ತೆ, ಷಡ್ಡಕ, ಯಾರೂ ತಪ್ಪಿಸಿಕೊಳ್ಳಲಿಲ್ಲ. ನೆಂಟರು ಮುಗಿದರು, ಹಾಡು ಮುಗಿಯಲಿಲ್ಲ. ತಡವಾದರೆ ಹೊನ್ನಾವರದಲ್ಲಿ ಹೊಳೆ ದಾಟುವ ತಾರಿದೋಣಿ ತಪ್ಪುತ್ತದೆಂದು ಗಂಡಿನ ಕಡೆಯವರಿಗೆ ಗೊತ್ತು. ಆದರೂ ಏಳುವ ಮನಸ್ಸು ಒಬ್ಬರಿಗೂ ಇಲ್ಲ. ಸಣ್ಣಮ್ಮ ಅವರ ಎತ್ತುಗಳನ್ನು ಹಂಗಿಸಿದಳು, ಕೋಳಿಗಳನ್ನು ಹಂಗಿಸಿದಳು. ನಾಯಿಯ ಸರದಿ ಬಂದಾಗ ಅವಳ ದನಿ ಒಡೆಯಿತು. ಮಗಳನ್ನು ಕಳಿಸಲಾರದೆ ಹೊಸ ಹೊಸ ನುಡಿ ಕಟ್ಟುತ್ತಿದ್ದಾಳೆಂದು ನಮಗೆ ಆಗ ತಿಳಿಯಿತು.

ಕಾಳಿ ಬಂದು ತಾಯಿಯ ಕೈ ಹಿಡಿದುಕೊಂಡಳು.

"ಅಬ್ಬೆ, ಅವ್ರ ಮನೇಲಿ ಇನ್ ಯಾರೂ ಉಳೀಲಿಲ್ಲ."

ಸಣ್ಣಮ್ಮ ಒಲ್ಲೆನೆಂದು ತಲೆಯಾಡಿಸಿದಳು. ಆಗ ಕಾಳಿಯೇ ಕೊನೆಯ ನುಡಿ ಹಾಡಿದಳು. ನಮ್ಮ ಮಗಳನ್ನು ನಿಮಗೆ ಕೊಟ್ಟೆವು, ಬಯ್ಯದೆ ನೋಡಿಕೊಳ್ಳಿ ಎಂದು ತನ್ನನ್ನು ತಾನೇ ಒಪ್ಪಿಸಿಕೊಟ್ಟು ಎದ್ದಳು.