ಟಿವಿಯೊಳಗೆ ನಮ್ಮಾಕಿಯ ಕೈ

ನಾನು ಗೌಂಡಿ. ಆರನೇ ಇಯತ್ತೆಗೆ ಸಾಲಿ ಬಿಟ್ಟು ಕರಣಿ ಹಿಡಿದವನು. ಸಂಶಿ ಸುತ್ತಮುತ್ತ ನಾನು ಕಟ್ಟಿದ ಒಂದು ಗೋಡೆಯೂ ವಾಲಿಲ್ಲ. ಜಂಬ ಅಂದರೆ ಅನ್ನಲಿ.

ಕೆಲವು ವರ್ಷದ ಹಿಂದೆ ನಮ್ಮೂರ ಹಳೆಯ ವಾಡೆಗೆ ಧಾರಾವಾಹಿ ತೆಗೆಯುವವರು ಬಂದರು. ಹಳ್ಳಿ ಸೊಸೆಯ ಕಥೆಯಂತೆ. ಮಣ್ಣಿನ ಒಲೆ ಬೇಕೆಂದು ನನ್ನನ್ನು ಕರೆದರು. ಒಲೆ ಹಾಕಿದೆ. ಉರಿ ಸರಿಯಾಗಿ ಹತ್ತುತ್ತದೋ ಇಲ್ಲವೋ ನೋಡಲು ನನ್ನ ಹೆಂಡತಿ ಬಂದು ಎರಡು ರೊಟ್ಟಿ ಬಡಿದಳು. ನಾಯಕಿಯ ಕೈಯಲ್ಲಿ ರೊಟ್ಟಿ ಹರಿದು ಹರಿದು ಹೋಗುತ್ತಿತ್ತು. ನಿರ್ದೇಶಕ ಇವಳನ್ನು ನೋಡಿ, "ಅಮ್ಮಾ, ಕೈ ನಿಮ್ಮದು ತಗೋತೀವಿ, ಮುಖ ಅವರದು. ಈ ಹಸಿರು ಬಳೆ ತೆಗೆದು ಅವರ ಬಳೆ ಹಾಕ್ಕೊಳ್ಳಿ" ಎಂದ.

"ನಮ್ಮನಿಯವ್ರು ಇಲ್ಲೇ ಎದುರಿಗೆ ನಿಂತಾರ, ನಾ ಬಳಿ ತಗೀಲೇನ್ರಿ? ಬೇಕಾದ್ರ ಆಕಿಗೇ ಹಸರ ಬಳಿ ಇಡಸ್ರಿ!"

ಎಲ್ಲರೂ ನಕ್ಕರು. ನಾಯಕಿಯ ಕೈಗೇ ಹಸಿರು ಬಳೆ ಬಂದವು. ಮಾತಿನ ಧಾಟಿ ಹಿಡಿಸಿ ನಿರ್ದೇಶಕ, "ಪಕ್ಕದ ಮನೆಯವರಾಗಿ ನೀವೂ ಹೀಗೇ ಎರಡು ಮಾತಾಡಿ" ಎಂದ. ಅವಳ ಮುಖ ಅರಳಿತು. ನನ್ನ ಕಡೆ ನೋಡಿದಳು.

"ಬ್ಯಾಡ್ರಿ" ಅಂದೆ. "ಟಿವ್ಯಾಗಿನ ಹೆಣ್ಮಕ್ಕಳು ಅಳತಾರ, ಇಲ್ಲಾ ಜಗಳಾ ಆಡತಾರ. ನಮ್ಮಾಕಿ ಮಾರಿ ಅದರಾಗ ಬರೂದು ಬ್ಯಾಡ."

"ನೀವು ಹಾಕಿದ ಒಲಿ ಟಿವ್ಯಾಗ ಬರಬೇಕು, ನನ್ನ ಮಾರಿ ಬರಬಾರದು. ಭಾಳ ಶಾಣ್ಯಾ ಇದ್ದೀರಿ ಬಿಡ್ರಿ" ಎಂದು ನಗುತ್ತಲೇ ಹಿಟ್ಟಿಗೆ ಕೈ ಹಾಕಿದಳು. ಆಮೇಲೆ ಆ ಮಾತು ಎತ್ತಲಿಲ್ಲ.

ಅವಳು ತೀರಿಕೊಂಡು ಎರಡು ವರ್ಷವಾಯಿತು. ಗೋಡೆಯ ಮೇಲಿನ ಫೋಟೋದಲ್ಲಿ ರೇಶನ್ ಕಾರ್ಡಿಗೆ ನಿಂತ ಹಾಗೆ ಬಿಗಿದುಕೊಂಡು ನಿಂತಿದ್ದಾಳೆ. ನಗುವವಳು, ತಿರುಗಿ ಮಾತು ಕೊಡುವವಳು ಎಲ್ಲೂ ಇಲ್ಲ. ಇರುವುದು ಆ ಕೈ ಅಷ್ಟೇ. ನಮ್ಮ ಸೊಸೆ ಧಾರಾವಾಹಿಯ ಆ ತುಣುಕನ್ನು ಮೊಬೈಲಿನಲ್ಲಿ ಹುಡುಕಿ ಕೊಟ್ಟಿದ್ದಾಳೆ. ಕೆಲಸದಿಂದ ಬಂದು ಕೈಕಾಲು ತೊಳೆದು ಕಟ್ಟೆಯ ಮೇಲೆ ಕೂತು ನೋಡುತ್ತೇನೆ. ಎಡಗೈ ಹೆಬ್ಬೆರಳ ಹತ್ತಿರದ ಸುಟ್ಟ ಕಲೆ ಸಹ ಕಾಣುತ್ತದೆ. ರೊಟ್ಟಿ ಬಡಿಯುವ ಸಪ್ಪಳ ತೆಗೆದು ಪಿಟೀಲು ಹಾಕಿದ್ದಾರೆ. ಅದಕ್ಕೇ ದನಿ ಬಂದ್ ಮಾಡುತ್ತೇನೆ; ಆ ಸಪ್ಪಳ ನನ್ನ ಕಿವಿಯಲ್ಲಿದೆ. ಕ್ಯಾಮೆರಾ ಬಳೆ ದಾಟಿ ಮೆಲ್ಲಗೆ ಮೊಳಕೈ ತನಕ ಏರುತ್ತದೆ. ಇನ್ನೇನು ಬಂದಳು ಅನ್ನುವಷ್ಟರಲ್ಲಿ ನಾಯಕಿಯ ಮುಖ, ಕಣ್ಣ ತುಂಬ ನೀರು. ನಮ್ಮಾಕಿ ರೊಟ್ಟಿ ಬಡಿಯುವಾಗ ಒಂದು ದಿನವೂ ಅತ್ತವಳಲ್ಲ. ನನ್ನನ್ನು ಬೈಯುತ್ತಿದ್ದಳು.

"ಮಾವಾರ, ಎಷ್ಟ ಸಲಾ ನೋಡತೀರಿ? ಅದರಾಗ ಬರೇ ಕೈ ಅದಾವ" ಅನ್ನುತ್ತಾಳೆ ಸೊಸೆ.

"ಒಲಿ ನೋಡಾಕತ್ತೇನವಾ" ಅನ್ನುತ್ತೇನೆ.

ಈಗೀಗ ಮೊಳಕೈ ಬಂದ ಕೂಡಲೇ ಬೆರಳಿಟ್ಟು ನಿಲ್ಲಿಸುತ್ತೇನೆ. ಸಿಮೆಂಟು ತಿಂದ ಬೆರಳು; ಒಮ್ಮೊಮ್ಮೆ ಮೊಬೈಲಿಗೆ ಗೊತ್ತಾಗುವುದೇ ಇಲ್ಲ, ನಾಯಕಿ ಬಂದೇ ಬಿಡುತ್ತಾಳೆ. ಮತ್ತೆ ಮೊದಲಿನಿಂದ ಹಚ್ಚುತ್ತೇನೆ.