ಮೀನು, ಮಾತ್ರೆ ಮತ್ತು ಗುನ್‌ವೋರಳ ಹುಟ್ಟು

ಗುನ್‌ವೋರಳನ್ನು ನಾನು ಮೊದಲು ಕಂಡದ್ದು ಸಿಲ್ಯಾನ್ ಸರೋವರದ ದಂಡೆಯ ಶಾಲೆಗೆ ಉಪಾಧ್ಯಾಯನಾಗಿ ಬಂದ ಮೊದಲ ಭಾನುವಾರ. ಊರವರೆಲ್ಲ ಸೇರಿ ಹುಟ್ಟು ಹಾಕುವ ಉದ್ದನೆಯ ಚರ್ಚಿನ ದೋಣಿ ಆಗತಾನೆ ದಡ ಮುಟ್ಟಿತ್ತು. ಅದರಿಂದಿಳಿದ ಕೆಂಪು ಕೆನ್ನೆಯ ಗಟ್ಟಿಮುಟ್ಟಾದ ಹೆಂಗಸು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಹೊಸ ಮೇಷ್ಟ್ರಾ? ಬನ್ನಿ ಕಾಫಿಗೆ. ಇಷ್ಟು ಒಣಕಲಾಗಿದ್ರೆ ನಮ್ಮ ಮಕ್ಕಳು ಹೆದರಲ್ಲ."

ಅವಳು ನಮ್ಮ ಶಾಲೆಯ ಅಡುಗೆಯವಳೆಂದು ಆಮೇಲೆ ತಿಳಿಯಿತು. ಅವಳ ಮನೆಯ ಮೇಜಿನ ಮೇಲೆ ಏಳು ಬಗೆಯ ಬಿಸ್ಕತ್ತುಗಳಿದ್ದವು. ಆರಕ್ಕೆ ನಿಲ್ಲಿಸಿದರೆ ಮನೆಯೊಡತಿಗೆ ಅವಮಾನ. ಏಳನ್ನೂ ತಿಂದೆ.

ಐವತ್ತು ದಾಟಿದ ಮೇಲೆ ಅವಳ ಬೆರಳ ಗಂಟುಗಳು ಊದತೊಡಗಿದವು. ಬೆಳಗಿನ ಹೊತ್ತು ಕಾಫಿಯ ಬಟ್ಟಲು ಹಿಡಿಯುವುದೂ ಕಷ್ಟವಾಯಿತು. ಕೀಲುಗಳ ಉರಿಯೂತವೆಂದು ಆರೋಗ್ಯ ಕೇಂದ್ರದ ಡಾಕ್ಟರ್ ಸೋಲ್ವೆಗ್ ವಾರಕ್ಕೊಮ್ಮೆ ನುಂಗುವ ಮಾತ್ರೆ ಬರೆದುಕೊಟ್ಟರು. ಸಕ್ಕರೆ, ಮೈದಾ ತಗ್ಗಿಸಿ, ಮೀನು, ಸೊಪ್ಪು, ಕಾಡಿನ ಹಣ್ಣು ಹೆಚ್ಚಿಸಿರೆಂದೂ ಹೇಳಿದರು. ಅಡುಗೆಯವಳಿಗೆ ಎರಡನೆಯ ಮಾತೇ ಹೆಚ್ಚು ಹಿಡಿಸಿತು. ಹೆರಿಂಗ್ ಮೀನು, ಎಲೆಕೋಸು, ನೀಲಿ ಹಣ್ಣು ಎಂದು ಉತ್ಸಾಹದಿಂದ ಉಣ್ಣತೊಡಗಿದಳು.

ತೊಂದರೆಯಾದದ್ದು ಬೇರೆಯವರ ಮನೆಗೆ ಕಾಫಿಗೆ ಹೋದಾಗ. ಬಿಸ್ಕತ್ತು ಬೇಡವೆನ್ನಲು ಬಾಯಿ ಬಾರದೆ, ತಿಂದಂತೆ ನಟಿಸಿ ಜೇಬಿಗೆ ಇಳಿಸುತ್ತಿದ್ದಳು. ದೋಣಿಯ ನಾಯಕ ರಾಗ್ನ್‌ವಾಲ್ಡನ ಮನೆಯಲ್ಲಿ ಅವನ ನಾಯಿ ಅವಳ ಜೇಬಿಗೆ ಮೂತಿ ತೂರಿಸಿ, ಎಲ್ಲರೆದುರಿಗೆ ಬಿಸ್ಕತ್ತುಗಳನ್ನು ಹೊರಗೆಳೆಯಿತು.

"ಏನಕ್ಕ, ಸಂತೆಗೆ ಹೊರಟಿದ್ದೀಯಾ?" ಎಂದ ರಾಗ್ನ್‌ವಾಲ್ಡ್.

"ನಗು, ನಗು. ಸಕ್ಕರೆ ಬಿಟ್ಟೆ, ಕೈ ನೋವು ಹೋಯ್ತು ಕಣೋ. ಮಾತ್ರೇನೂ ಬಿಟ್ಟಿದ್ದೀನಿ. ನನ್ನ ಮೀನೇ ನನಗೆ ಡಾಕ್ಟರು."

ಚಳಿಗಾಲ ಹೇಗೋ ಕಳೆಯಿತು. ಹಿಮ ಕರಗಿ, ದೋಣಿ ನೀರಿಗಿಳಿದ ದಿನ ಅವಳ ಬೆರಳುಗಳು ಹುಟ್ಟಿನ ಸುತ್ತ ಮಡಚಲೇ ಇಲ್ಲ. ಹುಟ್ಟು ಜಾರಿ ಹಿಂದಿನವರ ಹುಟ್ಟಿಗೆ ಬಡಿಯಿತು. ಬೇಸಿಗೆಯ ಹಬ್ಬದಂದು ಚರ್ಚಿಗೆ ಹೋಗುವ ದೋಣಿಯಲ್ಲಿ ಅವಳಿಲ್ಲದ ವರ್ಷವನ್ನು ಯಾರೂ ಕಂಡಿರಲಿಲ್ಲ.

"ಈ ಸಲ ದಡದಲ್ಲಿ ಕೂತ್ಕೋ ಅಕ್ಕ. ಬೇರೆ ಯಾರನ್ನಾದರೂ ಹುಡುಕ್ತೀನಿ," ಎಂದ ರಾಗ್ನ್‌ವಾಲ್ಡ್.

"ಹಬ್ಬದ ತನಕ ನನ್ನ ಜಾಗ ಮುಟ್ಟಬೇಡ. ಆಮೇಲೂ ಆಗ್ಲಿಲ್ಲ ಅಂದ್ರೆ ನಾನೇ ಇಳೀತೀನಿ."

ಮರುದಿನ ಆರೋಗ್ಯ ಕೇಂದ್ರಕ್ಕೆ ಹೊರಟ ಅವಳ ಜೊತೆ ಬಸ್ಸಿನಲ್ಲಿ ನಾನೂ ಹೋದೆ. ಸೋಲ್ವೆಗ್ ಅವಳ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದರು.

"ಒಳಗಿನ ಉರಿ ಆರಿಸ್ತಿದ್ದದ್ದು ಮಾತ್ರೆ. ನೀವು ಬಿಟ್ಟ ಮೇಲೂ ಅದರ ಬಲ ಇಳಿಯೋಕೆ ಸ್ವಲ್ಪ ಕಾಲ ಹಿಡೀತು, ಅಷ್ಟೇ."

"ಹಾಗಾದ್ರೆ ಮೀನು ಬಿಡ್ಲಾ?"

"ಬಿಡಿ ಅಂತ ಯಾರು ಹೇಳಿದ್ರು? ಅದರಿಂದ ನಿಮ್ಮ ಮೈ ಹಗುರಾಗಿದೆ. ಮೀನಿಗೂ ಮಾತ್ರೆಗೂ ಜಗಳ ಹಚ್ಚಿದ್ದು ನೀವು, ನಾನಲ್ಲ."

ಮಾತ್ರೆ ಮತ್ತೆ ಶುರು ಮಾಡಿಸಿ, ಅದರ ಗುಣ ಕಾಣಲು ಕೆಲವು ವಾರಗಳೇ ಬೇಕೆಂದರು, ನಡುನಡುವೆ ರಕ್ತ ಪರೀಕ್ಷೆಗೆ ಬರಲು ಹೇಳಿದರು. ಗುನ್‌ವೋರ್ ಎರಡನ್ನೂ ನಿಷ್ಠೆಯಿಂದ ಪಾಲಿಸಿದಳು. ಕಾಫಿಗೆ ಕರೆದವರಿಗೆ "ನಿಮ್ಮ ಬಿಸ್ಕತ್ತು ಚಂದ, ನನಗೆ ಬೇಡ" ಎಂದು ನೇರವಾಗಿ ಹೇಳುವುದನ್ನೂ ಕಲಿತಳು. ಒಂದಿಬ್ಬರು ಮುಖ ಸೊಟ್ಟಗೆ ಮಾಡಿದರು. ಉಳಿದವರು ಬಟ್ಟಲು ತುಂಬ ಹಣ್ಣಿಟ್ಟರು.

ಹಬ್ಬ ಹತ್ತಿರವಾದಾಗ ಒಂದು ಮಧ್ಯಾಹ್ನ ನನ್ನನ್ನು ಶಾಲೆಯ ಅಡುಗೆಮನೆಗೆ ಕರೆದು, ನೆನೆದ ಬಟ್ಟೆಯನ್ನು ಹಿಂಡಿ ತೋರಿಸಿದಳು. "ಒಂದು ಹನಿ ಉಳಿದಿದ್ರೆ ಹೇಳಿ ಮೇಷ್ಟ್ರೇ." ಉಳಿದಿರಲಿಲ್ಲ. ಸಂಜೆ ರಾಗ್ನ್‌ವಾಲ್ಡ್ ಅವಳ ಕೈಗೆ ಹುಟ್ಟು ಕೊಟ್ಟು, ಸರೋವರದಲ್ಲಿ ಸುತ್ತು ಹಾಕಿಸಿ, ದೋಣಿಯಲ್ಲಿ ಅವಳು ಕೂರುವ ಹಲಗೆ ಒರೆಸಿಟ್ಟ. ಹಬ್ಬದ ದಿನ ದೋಣಿ ಬರ್ಚ್ ಮರದ ಸೊಪ್ಪು ಮುಡಿದು ಹೊರಟಾಗ ಅವಳು ಎಲ್ಲರಿಗಿಂತ ಜೋರಾಗಿ ಹಾಡುತ್ತಿದ್ದಳು.

ಅವಳೀಗ ಕೆಲಸದಿಂದ ನಿವೃತ್ತಳು. ನೋವು ಪೂರ್ತಿ ಹೋಗಿಲ್ಲ; ಮಳೆ ಬರುವ ದಿನ ಎಡಗೈ ಬಿಗಿಯುತ್ತದೆ. ಆದರೂ ಹುಟ್ಟು ಹಾಕುತ್ತಾಳೆ. ತಿಂಗಳಿಗೊಮ್ಮೆ ಚರ್ಚಿನ ಸಭಾಮನೆಯಲ್ಲಿ ಕೀಲುನೋವಿನವರಿಗೆ ಮೀನಿನ ಊಟ ಬೇಯಿಸುತ್ತಾಳೆ. ಬಾಗಿಲಲ್ಲೇ ನಿಂತು ಪ್ರತಿಯೊಬ್ಬರನ್ನೂ ಕೇಳುತ್ತಾಳೆ: "ಈ ವಾರದ ಮಾತ್ರೆ ಆಯ್ತಾ?" ಹೂಂ ಎಂದವರಿಗೆ ಮೊದಲು ಬಡಿಸುತ್ತಾಳೆ.